ಶೂನ್ಯಸಿಂಹಾಸನವೂ ಸಭಾಧ್ಯಕ್ಷನ ಧರ್ಮವೂ

೧

ಹಲವರು ಒಂದೆಡೆ ಕುಳಿತು, ಒಬ್ಬರ ಮಾತನ್ನು ಮತ್ತೊಬ್ಬರು ಕೇಳಿ, ಕಡೆಗೊಂದು ನಿಶ್ಚಯಕ್ಕೆ ಬರುವುದಾದರೆ ಅದು ಸಭೆಯೆನಿಸುವುದು. ಸಂತೆಯಲ್ಲಿಯೂ ಜಾತ್ರೆಯಲ್ಲಿಯೂ ಜನರು ಕೂಡುವರಷ್ಟೆ. ಆದರೆ ಅಲ್ಲಿ ಕೇಳುವ ಕಟ್ಟಾಗಲಿ ನಿಶ್ಚಯಿಸುವ ಹೊಣೆಯಾಗಲಿ ಇರುವುದಿಲ್ಲ. ಈ ಕಟ್ಟನ್ನೂ ಹೊಣೆಯನ್ನೂ ಕಾಯುವವನೇ ಅಧ್ಯಕ್ಷನು. ಅವನು ಸಮರ್ಥನಾದರೆ ಸಾಮಾನ್ಯರ ಕೂಟವೂ ಬೆಳಗುವುದು. ಅಸಮರ್ಥನಾದರೆ ವಿದ್ವಾಂಸರ ಗೋಷ್ಠಿಯೂ ಗದ್ದಲವಾಗಿ ಮುಗಿಯುವುದು. ಹೀಗಿದ್ದರೂ ಅಧ್ಯಕ್ಷನ ಧರ್ಮವೇನೆಂಬುದನ್ನು ನಮ್ಮ ಸಾಹಿತ್ಯದ ಆಧಾರದಿಂದ ವಿಚಾರಿಸಿದ ಬರೆಹಗಳು ವಿರಳ. ಸಭಾನಿಯಮಗಳ ಮಾತು ಬಂದೊಡನೆ ಪರದೇಶಗಳ ಪಾರ್ಲಿಮೆಂಟುಗಳ ಕಡೆಗೆ ನೋಡುವುದು ವಾಡಿಕೆಯಾಗಿದೆ.

ಆದರೆ ಕನ್ನಡದಲ್ಲಿ ಒಂದು ಸಭೆಯನ್ನೂ ಅದರ ಅಧ್ಯಕ್ಷನನ್ನೂ ನಡುವಿಟ್ಟುಕೊಂಡು ರಚಿತವಾದ ಮಹಾಗ್ರಂಥವೇ ಇದೆ. ಅದು ಶೂನ್ಯಸಂಪಾದನೆ. ಅದರ ರಂಗಸ್ಥಳ ಕಲ್ಯಾಣ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಸೀಮೆಗಳು ಈ ಕಥೆಯ ನೆರೆನಾಡು. ಚಾಲುಕ್ಯರ ಕಾಲದಲ್ಲಿ ಅಲಂದೆ ಸಾಸಿರವೆನಿಸಿಕೊಂಡ ಆಳಂದದ ಈಶಾನ್ಯಕ್ಕೆ ಕಲ್ಯಾಣವಿದೆ. ಪಶ್ಚಿಮಕ್ಕೆ ಸಿದ್ಧರಾಮನ ಸೊನ್ನಲಿಗೆ, ಎಂದರೆ ಇಂದಿನ ಸೊಲ್ಲಾಪುರವಿದೆ. ದಕ್ಷಿಣಕ್ಕೆ ಭೀಮಾತೀರದ ಅಫಜಲಪುರವೂ ಜೇವರ್ಗಿಯೂ ಶರಣರ ಮಾತನ್ನು ಮುಂದಿನ ಶತಮಾನಗಳಲ್ಲಿ ಉಳಿಸಿಕೊಂಡು ಬಂದ ಊರುಗಳು. ಆದುದರಿಂದ ಆ ಗ್ರಂಥದಲ್ಲಿ ಚಿತ್ರಿತನಾದ ಅಧ್ಯಕ್ಷನ ಲಕ್ಷಣಗಳನ್ನು ಪರಿಶೀಲಿಸಿ, ಅವು ಈ ನಾಡಿನ ಇಂದಿನ ಸಭೆಗಳಿಗೆ ಎಷ್ಟರಮಟ್ಟಿಗೆ ಸಲ್ಲುವುವೆಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

೨

ಮೊದಲು ಆಕರದ ವಿಷಯವಾಗಿ ಎರಡು ಮಾತು. ಶೂನ್ಯಸಂಪಾದನೆಯು ಒಬ್ಬನ ಕೃತಿಯಲ್ಲ. ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗದೇವರು, ಗೂಳೂರ ಸಿದ್ಧವೀರಣ್ಣೊಡೆಯರು ಎಂಬ ನಾಲ್ವರು ೧೫ನೆಯ ಶತಮಾನದ ಆದಿಭಾಗದಿಂದ ಸುಮಾರು ನೂರು ವರ್ಷಗಳ ಅವಧಿಯಲ್ಲಿ ಇದನ್ನು ಮತ್ತೆ ಮತ್ತೆ ಸಂಕಲಿಸಿದರು. ೧೨ನೆಯ ಶತಮಾನದ ಬಿಡಿ ವಚನಗಳನ್ನು ಆರಿಸಿ, ಸಂವಾದದ ಸೂತ್ರದಲ್ಲಿ ಪೋಣಿಸಿ, ನಡುನಡುವೆ ಗದ್ಯವನ್ನು ಸೇರಿಸಿದುದು ಇವರ ಕೆಲಸ. ಇವುಗಳಲ್ಲಿ ಕಡೆಯದಾದ ಗೂಳೂರ ಸಿದ್ಧವೀರಣ್ಣೊಡೆಯರ ಸಂಪಾದನೆಯು ಫ. ಗು. ಹಳಕಟ್ಟಿಯವರಿಂದ ೧೯೩೦ರಲ್ಲಿ ಅಚ್ಚಾಗಿ ವಿದ್ವಾಂಸರ ಕೈಗೆ ಬಂದಿತು.

ಅನುಭವಮಂಟಪವು ಕಲ್ಲುಕಟ್ಟಡವಾಗಿದ್ದಿತೇ, ಶರಣರ ಗೋಷ್ಠಿಗೆ ಇಟ್ಟ ಹೆಸರೇ ಎಂಬ ಚರ್ಚೆಯು ಬಹುಕಾಲದಿಂದ ನಡೆದಿದೆ. ಉತ್ತಂಗಿ ಚನ್ನಪ್ಪನವರು ಅದರ ಐತಿಹಾಸಿಕತೆಯನ್ನೇ ವಿಷಯವಾಗಿಟ್ಟುಕೊಂಡು ಪುಸ್ತಕವನ್ನು ಬರೆದರು. ಆ ವಾದವನ್ನು ಇಲ್ಲಿ ಮತ್ತೆ ಎತ್ತಬೇಕಾದುದಿಲ್ಲ. ಕಲ್ಯಾಣದ ಬಳಿಕ ಸುಮಾರು ಮೂರು ಶತಮಾನಗಳಿಗೆ ಕನ್ನಡ ಸಂಕಲನಕಾರರು ಆದರ್ಶಸಭೆಯೊಂದನ್ನು ಹೀಗೆ ಕಲ್ಪಿಸಿದರು, ಅದರ ಅಧ್ಯಕ್ಷನನ್ನು ಹೀಗೆ ಕಡೆದರು ಎಂಬುದಂತೂ ನಿರ್ವಿವಾದ. ಅದೇ ನಮ್ಮ ಆಧಾರ.

೩

ಮೊದಲನೆಯ ಪ್ರಶ್ನೆ: ಪೀಠದಲ್ಲಿ ಯಾರು ಕುಳಿತರು?

ಕಲ್ಯಾಣದಲ್ಲಿ ಅಧಿಕಾರವಿದ್ದುದು ಬಸವಣ್ಣನಲ್ಲಿ. ಕಳಚುರಿ ಬಿಜ್ಜಳನ ಭಂಡಾರಿಯಾಗಿದ್ದವನು ಅವನು, ಮಹಾಮನೆ ಅವನದು, ಶರಣರು ಬಂದುದು ಅವನ ಹೆಸರನ್ನು ಕೇಳಿ. ಲೋಕದ ರೂಢಿಯಂತೆ ಅವನೇ ಪೀಠವನ್ನೇರಬೇಕಾಗಿತ್ತು. ಆದರೆ ಶೂನ್ಯಸಿಂಹಾಸನವನ್ನು ಸಿದ್ಧಗೊಳಿಸಿದ ಬಸವಣ್ಣನು ಅದರ ಮೇಲೆ ಕುಳಿತವನಲ್ಲ; ಅಲ್ಲಮಪ್ರಭುವಿಗಾಗಿ ಕಾದವನು. ಹರಿಹರನ ರಗಳೆಯಲ್ಲಿ ಈ ಅಲ್ಲಮನು ಮದ್ದಳೆಯನ್ನು ಬಾರಿಸುವವನು. ಅವನಿಗೆ ರಾಜ್ಯದಲ್ಲಿ ಪದವಿಯಿಲ್ಲ, ಕಲ್ಯಾಣದಲ್ಲಿ ಮನೆಯಿಲ್ಲ, ಒಂದೂರಲ್ಲಿ ನೆಲೆನಿಲ್ಲುವ ಸ್ವಭಾವವೂ ಇಲ್ಲ. ಸಂಸ್ಥೆಯನ್ನು ಕಟ್ಟಿದವನೇ ಸಂಸ್ಥೆಯ ಚರ್ಚೆಯನ್ನು ಆಳಿದರೆ, ಚರ್ಚಿಸುವವರು ಬೇಗನೆ ಅವನ ಮುಖವನ್ನು ನೋಡಿ ಮಾತಾಡತೊಡಗುವರು. ಅನ್ನವಿಕ್ಕಿದವನ ಎದುರಿಗೆ ಇಲ್ಲವೆನ್ನುವುದು ಯಾರಿಗೂ ಸುಲಭವಲ್ಲ. ಬಸವಣ್ಣನು ಪೀಠದಿಂದ ದೂರವುಳಿದುದರಿಂದಲೇ ಶರಣರು ಅವನ ಮಾತನ್ನೂ ಅವನ ದಾನವನ್ನೂ ಎದುರಿಗೇ ಪ್ರಶ್ನಿಸುವುದು ಸಾಧ್ಯವಾಯಿತು.

ಪೀಠಕ್ಕೆ ಶೂನ್ಯವೆಂಬ ಹೆಸರು ಬಂದುದು ಶೈವತತ್ತ್ವದ ಪರಿಭಾಷೆಯಿಂದ. ಅದರ ಅರ್ಥವು ಗಹನವಾದುದು. ಆದರೂ ಸಭೆಯ ದೃಷ್ಟಿಯಿಂದ ಅದಕ್ಕೊಂದು ಸರಳವಾದ ತಾತ್ಪರ್ಯವನ್ನು ಹೇಳಬಹುದು. ಸ್ವಂತದ್ದೇನನ್ನೂ ತಂದಿಡದೆ ಬರಿದುಮಾಡಿಕೊಂಡು ಕುಳಿತವನಿಗೆ ಮಾತ್ರ ಆ ಆಸನವು ಸಲ್ಲುವುದು.

ಹೀಗೆಂದ ಮಾತ್ರಕ್ಕೆ ಅಲ್ಲಮನ ಪೀಠಾರೋಹಣವನ್ನು ಎಲ್ಲರೂ ಒಪ್ಪಿದರೆಂದಲ್ಲ. ಬಸವಣ್ಣನು ತಮ್ಮನ್ನು ಕಡೆಗಣಿಸಿ ಒಬ್ಬನನ್ನೇ ಆದರಿಸಿದನೆಂದು ಜಂಗಮರು ಮುನಿದು ಹೊರಟುಹೋದರು. ಅವರಿಗಾಗಿ ಮಾಡಿದ ಅಡಿಗೆಯೆಲ್ಲವನ್ನೂ ಅಲ್ಲಮನೊಬ್ಬನೇ ಉಂಡನು. ಅವನ ತೃಪ್ತಿಯಿಂದ ಮುನಿದವರಿಗೂ ತೃಪ್ತಿಯಾಯಿತೆಂದು ಕಥೆಯು ಮುಗಿಯುತ್ತದೆ. ಪವಾಡವನ್ನು ಪಕ್ಕಕ್ಕಿರಿಸಿದರೂ ಒಂದು ಅಂಶವು ಉಳಿಯುವುದು. ಅಧ್ಯಕ್ಷನಿಗೆ ಸಲ್ಲುವ ಗೌರವವು ಉಳಿದವರಿಗೆ ತಪ್ಪಿದ ಗೌರವವಾಗಿ ಕಾಣುವ ಸಂಭವವು ಯಾವಾಗಲೂ ಉಂಟು. ಪೀಠಕ್ಕೆ ಬಂದುದು ತಮಗೂ ಬಂದಂತಾಯಿತೆಂದು ಸಭೆಗೆ ಅನ್ನಿಸುವವರೆಗೆ ಆ ಮುನಿಸು ತೀರದು. ಸಂಕಲನಕಾರರು ಈ ಮುನಿಸನ್ನು ಮರೆಮಾಚದೆ ಬರೆದಿಟ್ಟುದು ಗಮನಾರ್ಹ.

೪

ಎರಡನೆಯ ಪ್ರಶ್ನೆ: ಸಭೆಯ ಒಳಗೆ ಯಾರಿದ್ದರು, ಯಾರು ಕಾಣಿಸಿದರು?

ಅಲ್ಲಮನು ಸಿದ್ಧರಾಮನೊಡನೆ ಮೊದಲು ಕಲ್ಯಾಣಕ್ಕೆ ಬಂದಾಗ ಬಸವಣ್ಣನು ಲಿಂಗಾರ್ಚನೆಯಲ್ಲಿ ತೊಡಗಿದ್ದನು. ಬಂದವರನ್ನು ಕರೆತರಲು ಹಡಪದ ಅಪ್ಪಣ್ಣನನ್ನು ಕಳುಹಿದನು. ಅಲ್ಲಮನು ಬಾಗಿಲಲ್ಲೇ ನಿಂತನು. ಬಾಗಿಲಿಗೆ ಬಂದವರನ್ನು ತಾನಾಗಿ ಎದುರುಗೊಳ್ಳದೆ ಒಳಗೆ ಪೂಜೆಮಾಡುವುದೆಂತಹ ಪೂಜೆಯೆಂಬುದು ಅಲ್ಲಿಯ ವಾದ. ಚನ್ನಬಸವಣ್ಣನು ತಿಳಿಯಹೇಳಿದ ಮೇಲೆ ಬಸವಣ್ಣನೇ ಎದ್ದು ಬರಬೇಕಾಯಿತು. ಮುಂದೆ ಅಧ್ಯಕ್ಷನಾಗಲಿರುವವನು ಸಭೆಗೆ ಕಲಿಸಿದ ಮೊದಲ ಪಾಠವಿದು. ಪ್ರವೇಶವೆಂಬುದು ಬಾಗಿಲು ತೆರೆದಿದೆಯೆಂದು ಹೇಳಿದ ಮಾತ್ರಕ್ಕೆ ಆಗುವುದಲ್ಲ. ಒಳಗಿದ್ದವನು ಎದ್ದು ಬರಬೇಕು.

ಎರಡನೆಯ ಪಾಠವು ಇದಕ್ಕಿಂತಲೂ ಗಂಭೀರವಾದುದು. ಮರುಳಶಂಕರದೇವನೆಂಬವನು ಹೊರನಾಡಿನಿಂದ ಬಂದು, ಮಹಾಮನೆಯ ಪ್ರಸಾದಕುಂಡದ ಬಳಿ ಕೀಳೆನಿಸುವ ಊಳಿಗವನ್ನು ಮಾಡಿಕೊಂಡು, ಮರುಳನಂತೆ ಬಹುವರ್ಷ ಇದ್ದನು. ದಿನವೂ ಸಾವಿರಾರು ಶರಣರು ಅವನ ಮುಂದೆ ಹಾದುಹೋದರು. ಒಬ್ಬರೂ ಅವನನ್ನು ಗುರುತಿಸಲಿಲ್ಲ. ಗುರುತಿಸಿದವನು ಅಲ್ಲಮನು. ಅವನನ್ನು ಕರೆದು, ಬಸವಣ್ಣಾದಿಗಳಿಗೆ ತೋರಿಸಿ, ನಿಮ್ಮ ನಡುವೆಯೇ ಇದ್ದ ಮಹಾನುಭಾವನನ್ನು ನೀವು ಕಾಣದೆ ಹೋದಿರೆಂದು ಸೂಚಿಸಿದನು. ಸಮತೆಯನ್ನೇ ವ್ರತವಾಗಿ ಹಿಡಿದ ಸಭೆಗೂ ಕುರುಡುಂಟೆಂಬುದನ್ನು ಈ ಪ್ರಸಂಗವು ನಿಷ್ಠುರವಾಗಿ ಹೇಳುತ್ತದೆ. ಕುಲವನ್ನು ಕೇಳದ ಸಭೆಯಾದರೂ ಮಾತಾಡಬಲ್ಲವರನ್ನು ಮಾತ್ರ ಕಂಡಿತು. ಮಾತಾಡದೆ ದುಡಿಯುವವನು ಅದರ ಕಣ್ಣಿಗೆ ಬೀಳಲಿಲ್ಲ. ಆಸನದಲ್ಲಿ ಕುಳಿತವರನ್ನು ಎಣಿಸುವುದು ಕರಣಿಕನ ಕೆಲಸ. ಆಸನವಿಲ್ಲದೆ ಹೊರಗುಳಿದವನನ್ನು ಕಾಣುವುದು ಅಧ್ಯಕ್ಷನ ಕೆಲಸ.

ನಮ್ಮ ಹಳೆಯ ಸಭೆಗಳೊಡನೆ ಹೋಲಿಸಿದರೆ ಇದರ ಹೊಸತನವು ಸ್ಪಷ್ಟವಾಗುವುದು. ಶಾಸನಗಳಲ್ಲಿ ಕಾಣುವ ಅಗ್ರಹಾರದ ಮಹಾಜನರ ಸಭೆಗೆ ಜನ್ಮವೂ ಭೂಮಿಯೂ ಅರ್ಹತೆ. ಅಯ್ಯಾವೊಳೆಯ ಐನೂರ್ವರ ಕೂಟಕ್ಕೆ ವ್ಯಾಪಾರವು ಅರ್ಹತೆ. ಅವು ಸಮರ್ಥವಾದ ಸಭೆಗಳೇ. ಕೆರೆ, ದತ್ತಿ, ಸುಂಕಗಳ ವಿಷಯದಲ್ಲಿ ದಕ್ಷತೆಯಿಂದ ನಡೆದುಕೊಂಡವು. ಆದರೆ ಅಲ್ಲಿ ಸಮಾನರು ಸಮಾನರೊಡನೆ ಕುಳಿತರು. ಅಗಸನೂ ಅರಸನಾಗಿದ್ದವನೂ, ಹಗ್ಗ ಹೊಸೆಯುವವನೂ ಮಂತ್ರಿಯೂ, ಹೆಂಡತಿಯೂ ಗಂಡನೂ ಎದುರುಬದುರಾಗಿ ವಾದಿಸುವ ಸಭೆಯನ್ನು ನಡೆಸಲು ಬೇರೆಯ ಬಗೆಯ ಅಧ್ಯಕ್ಷನೇ ಬೇಕಾದನು.

೫

ಮೂರನೆಯ ಪ್ರಶ್ನೆ: ಒಳಗೆ ಬಂದವರನ್ನು ಸಭೆಯು ಹೇಗೆ ನಡೆಸಿಕೊಂಡಿತು?

ಅಕ್ಕಮಹಾದೇವಿಯ ಪ್ರಸಂಗವು ಅಧ್ಯಾಪಕರಿಗೆಲ್ಲ ಪರಿಚಿತವಾದುದು. ಮನೆಯನ್ನೂ ಅರಸನನ್ನೂ ತೊರೆದು, ಉಡಿಗೆಯನ್ನು ಬಿಟ್ಟು, ಕೂದಲನ್ನೇ ಮರೆಯಾಗಿ ಹೊದೆದು ಬಂದ ತರುಣಿಯನ್ನು ಅಲ್ಲಮನು ಕೂಡಲೇ ಸ್ವಾಗತಿಸಲಿಲ್ಲ. ನಿನ್ನ ಪತಿ ಯಾರೆಂದು ಕೇಳಿದನು. ದೇಹಭಾವವು ಅಳಿದಿದ್ದರೆ ಕೂದಲಿನ ಮರೆಯೇಕೆಂದು ಕೇಳಿದನು. ಅವಳು ಅಳುಕದೆ ಉತ್ತರವಿತ್ತಳು. ಮರೆಯು ತನಗಾಗಿ ಅಲ್ಲ, ನೋಡುವವರ ಮನಸ್ಸು ನೋಯದಿರಲೆಂದು ಇಟ್ಟುಕೊಂಡುದೆಂದಳು. ಕಡೆಗೆ ಬಸವಣ್ಣ, ಚನ್ನಬಸವಣ್ಣ ಮೊದಲಾದವರೆಲ್ಲರೂ ಅವಳ ಹಿರಿಮೆಯನ್ನು ಕೊಂಡಾಡಿದರು. ಕೇಳಿದ ಅಲ್ಲಮನೂ ಅವಳಿಗೆ ನಮಸ್ಕರಿಸಿದನು.

ಈ ಕಠೋರವಾದ ಪ್ರಶ್ನೆಗಳನ್ನು ಎರಡು ಬಗೆಯಾಗಿ ಅರ್ಥಮಾಡಬಹುದು. ಸಭೆಯಲ್ಲಿದ್ದವರ ಮನಸ್ಸಿನಲ್ಲಿ ಸಂಶಯಗಳಿದ್ದುವು. ಅವನ್ನು ಅಧ್ಯಕ್ಷನು ತುಟಿಯೊಳಗೆ ಉಳಿಯಗೊಡದೆ, ತಾನೇ ಎತ್ತಿ ಎಲ್ಲರೆದುರಿಗೆ ಇಟ್ಟನು. ಎದುರಿಗೆ ಕೇಳಿದ ಪ್ರಶ್ನೆಗೆ ಉತ್ತರ ಕೊಡಬಹುದು. ಬೆನ್ನ ಹಿಂದಿನ ಪಿಸುಮಾತಿಗೆ ಉತ್ತರವಿಲ್ಲ. ಉತ್ತರವು ಬಂದ ಮೇಲೆ ಸಂಶಯಕ್ಕೆ ಎಡೆಯೇ ಉಳಿಯಲಿಲ್ಲ. ಈ ದೃಷ್ಟಿಯಿಂದ ಅಲ್ಲಮನ ನಿಷ್ಠುರತೆಯು ಅಕ್ಕನಿಗೆ ರಕ್ಷೆಯಾಯಿತೆನ್ನಬೇಕು.

ಆದರೂ ಮತ್ತೊಂದು ಮಾತನ್ನು ಹೇಳದೆ ವಿಧಿಯಿಲ್ಲ. ಸೊನ್ನಲಿಗೆಯಲ್ಲಿ ಕೆರೆಗುಡಿಗಳನ್ನು ಕಟ್ಟಿಸುತ್ತಿದ್ದ ಸಿದ್ಧರಾಮನನ್ನು ಅಲ್ಲಮನು ಮೂದಲಿಸಿದುದುಂಟು. ಒಡ್ಡರು ಸಿಟ್ಟಿಗೆದ್ದು ಕಲ್ಲು ಬೀರುವಷ್ಟು ಮೂದಲಿಸಿದನು. ಆದರೆ ಅಲ್ಲಿ ಪರೀಕ್ಷೆಗೊಳಗಾದುದು ಸಿದ್ಧರಾಮನ ಕಾರ್ಯ. ಇಲ್ಲಿ ಪರೀಕ್ಷೆಗೊಳಗಾದುದು ಅಕ್ಕನ ದೇಹವೂ ದಾಂಪತ್ಯವೂ. ಪ್ರಮಾಣದ ಹೊರೆಯು ಹೆಣ್ಣಿನ ಮೇಲೆ ಹೆಚ್ಚಾಗಿ ಬಿದ್ದಿತು. ಶ್ರೇಷ್ಠನಾದ ಅಧ್ಯಕ್ಷನೂ ತನ್ನ ಕಾಲದ ನೆಳಲಿನಿಂದ ಪೂರ್ಣವಾಗಿ ಹೊರಬಂದಿರಲಿಲ್ಲವೆಂದು ಇದರಿಂದ ತೋರುತ್ತದೆ.

೬

ಅಧ್ಯಕ್ಷನು ಇತರರನ್ನು ಪ್ರಶ್ನಿಸಬಹುದಾದರೆ ಅವನನ್ನು ಪ್ರಶ್ನಿಸುವವರಾರು? ಕಲ್ಯಾಣಕ್ಕೆ ಬರುವ ಮೊದಲೇ ಅಲ್ಲಮನು ಈ ಅನುಭವವನ್ನು ಪಡೆದಿದ್ದನು. ಅಣ್ಣನಾದ ಅಜಗಣ್ಣನನ್ನು ಕಳೆದುಕೊಂಡು ದುಃಖಿಸುತ್ತಿದ್ದ ಮುಕ್ತಾಯಕ್ಕನಿಗೆ ಅವನು ತತ್ತ್ವವನ್ನು ಹೇಳಲು ಹೋದನು. ಅವಳು ಸುಲಭವಾಗಿ ಒಪ್ಪಲಿಲ್ಲ; ನಿಜವನ್ನು ಅರಿತವನಿಗೆ ಇಷ್ಟು ಮಾತೇಕೆ, ನುಡಿಯು ಇನ್ನೂ ಉಳಿದಿರುವಾಗ ಅರಿವು ಪೂರ್ಣವಾಯಿತೆಂದು ಹೇಳುವುದೆಂತು ಎಂಬ ಧಾಟಿಯಲ್ಲಿ ತಿರುಗಿ ಕೇಳಿದಳು. ಆ ಪ್ರಶ್ನೆಯನ್ನು ತಾಳಿಕೊಂಡು ಉತ್ತರಿಸಿದ ಮೇಲೆಯೇ ಅವನ ಮಾತಿಗೆ ಅಧಿಕಾರ ಬಂದಿತು.

ಮಂಟಪದಲ್ಲಿ ನಡೆದ ಕಾಯಕದ ಚರ್ಚೆಗಳನ್ನು ನೋಡಿದರೆ ಇದು ಇನ್ನೂ ವಿಶದವಾಗುವುದು. ನುಲಿಯ ಚಂದಯ್ಯನು ಹುಲ್ಲನ್ನು ಕೊಯ್ಯುವಾಗ ಅವನ ಲಿಂಗವು ಜಾರಿಬಿದ್ದಿತು. ಅವನು ಅದನ್ನು ಮತ್ತೆ ಎತ್ತಿಕೊಳ್ಳಲೊಲ್ಲದೆ ಕಾಯಕವನ್ನೇ ಮುಂದುವರಿಸಿದನು. ಮಡಿವಾಳ ಮಾಚಯ್ಯನು ನಡುವೆ ಬಂದು, ಲಿಂಗವೂ ಹಗ್ಗವನ್ನು ಮಾರುವ ಕಾಯಕವನ್ನು ಮಾಡಲೆಂದು ಸಂಧಾನವನ್ನು ಹೇಳಿದನು. ದೇವರಿಗೂ ದುಡಿಮೆಯು ತಪ್ಪಿದ್ದಲ್ಲವೆಂಬ ಈ ವಾದವನ್ನು ಸಭೆಯು ನಕ್ಕು ತಳ್ಳಿಬಿಡಲಿಲ್ಲ. ಕ್ರಿಯೆಗೂ ಜ್ಞಾನಕ್ಕೂ ಇರುವ ಸಂಬಂಧವನ್ನು ಕುರಿತ ಗಂಭೀರ ವಿಚಾರವಾಗಿ ಅದನ್ನು ಬೆಳೆಸಿತು. ಸಂಧಾನವು ಪೀಠದಿಂದ ಬರಲಿಲ್ಲ, ಮಡಿವಾಳನಿಂದ ಬಂದಿತು. ಸಮರ್ಥನಾದ ಅಧ್ಯಕ್ಷನ ಸಭೆಯಲ್ಲಿ ಪ್ರತಿಯೊಂದು ಗಂಟನ್ನೂ ಅಧ್ಯಕ್ಷನೇ ಬಿಚ್ಚಬೇಕಾದುದಿಲ್ಲ.

ಆಯ್ದಕ್ಕಿ ಮಾರಯ್ಯನು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ನಡೆಸುವವನು. ಅವನು ಚರ್ಚೆಯಲ್ಲಿ ಮೈಮರೆತಾಗ ಕಾಯಕವು ನಿಂತಿತೆಂದು ಎಚ್ಚರಿಸಿದವಳು ಅವನ ಹೆಂಡತಿ ಲಕ್ಕಮ್ಮ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಇದು ನಮಗೆ ಸಲ್ಲದು, ಮರಳಿ ಸುರಿದು ಬಾ ಎಂದವಳೂ ಅವಳೇ. ಮೋಳಿಗೆಯ ಮಾರಯ್ಯನು ಕೈಲಾಸವನ್ನು ಬಯಸಿದಾಗ, ಇಲ್ಲಿಲ್ಲದುದು ಅಲ್ಲಿ ಇರುವುದುಂಟೇ ಎಂಬರ್ಥದಲ್ಲಿ ತಿದ್ದಿದವಳು ಅವನ ಹೆಂಡತಿ ಮಹಾದೇವಿ. ಎರಡು ಪ್ರಸಂಗಗಳಲ್ಲಿಯೂ ನಿರ್ಣಾಯಕವಾದ ಮಾತು ಹೆಂಡತಿಯದು. ಆದರೆ ಗ್ರಂಥದಲ್ಲಿ ಈ ಪ್ರಕರಣಗಳ ತಲೆಬರೆಹವನ್ನು ನೋಡಿರಿ: ಒಂದು ಆಯ್ದಕ್ಕಿ ಮಾರಯ್ಯಗಳ ಸಂಪಾದನೆ, ಇನ್ನೊಂದು ಮೋಳಿಗೆಯ ಮಾರಯ್ಯಗಳ ಸಂಪಾದನೆ. ತಮ್ಮ ಹೆಸರಿನದೇ ಪ್ರಕರಣವನ್ನು ಪಡೆದ ಸ್ತ್ರೀಯರು ಮುಕ್ತಾಯಕ್ಕ, ಮಹಾದೇವಿಯಕ್ಕ ಇಬ್ಬರೇ. ಗಂಡನ ಮನೆಯ ಚೌಕಟ್ಟಿನ ಹೊರಗೆ ನಿಂತವರಿಬ್ಬರೂ. ಸಭೆಯಲ್ಲಿ ಆಡಿದ ಮಾತು ಹೆಂಡತಿಯದಾದರೂ ಸಭೆಯ ಕಡತದಲ್ಲಿ ಬರೆದ ಹೆಸರು ಗಂಡನದಾಯಿತು. ಈ ಸಂಗತಿಯನ್ನು ಮುಂದೆ ಮತ್ತೆ ನೆನೆಯಬೇಕಾಗುವುದು.

೭

ಇಂದಿನ ಸಭಾಶಾಸ್ತ್ರದ ಅಧ್ಯಕ್ಷನು ಇದಕ್ಕಿಂತ ಭಿನ್ನನು. ಇಂಗ್ಲೆಂಡಿನ ಕಾಮನ್ಸ್ ಸಭೆಯ ಸ್ಪೀಕರನು ವಾದದಲ್ಲಿ ಭಾಗವಹಿಸುವುದಿಲ್ಲ. ೧೮೭೬ರಲ್ಲಿ ಅಮೆರಿಕದ ಹೆನ್ರಿ ರಾಬರ್ಟನು ಪ್ರಕಟಿಸಿದ ಸಭಾನಿಯಮಗಳ ಪದ್ಧತಿಯಲ್ಲಿ, ಅಧ್ಯಕ್ಷನಿಗೆ ವಾದಿಸುವ ಇಚ್ಛೆಯಿದ್ದರೆ ಆ ಹೊತ್ತಿಗೆ ಪೀಠವನ್ನು ಮತ್ತೊಬ್ಬನಿಗೆ ಬಿಟ್ಟು ಇಳಿಯಬೇಕು. ತಕ್ಕಡಿ ಹಿಡಿದವನು ಸರಕನ್ನು ತೂಗಬೇಕಲ್ಲದೆ ತಾನು ತಟ್ಟೆಯಲ್ಲಿ ಕೂಡಬಾರದೆಂಬುದು ಅದರ ತತ್ತ್ವ.

ಅಲ್ಲಮನು ಹಾಗಲ್ಲ. ಅವನು ಪ್ರತಿಯೊಂದು ವಾದದ ನಡುವೆಯೂ ಇದ್ದಾನೆ. ಇದರಲ್ಲಿ ಅಪಾಯವುಂಟು: ಪೀಠದಲ್ಲಿದ್ದು ವಾದಿಸುವವನ ಮಾತಿಗೆ ಪೀಠದ ತೂಕವೂ ಸೇರಿಕೊಳ್ಳುವುದು. ಸಂಪಾದನೆಯ ಸಭೆಯು ಈ ಅಪಾಯದಿಂದ ಪಾರಾದುದು ಮೂರು ಕಾರಣಗಳಿಂದ. ಅಲ್ಲಮನಿಗೆ ವಾದದ ಫಲದಲ್ಲಿ ಸ್ವಂತ ಲಾಭವಿರಲಿಲ್ಲ. ಎದುರು ಪಕ್ಷದವನು ಮಾತನ್ನು ಮುಗಿಸುವವರೆಗೆ ಅವನು ನಿರ್ಣಯವನ್ನು ಹೇಳಲಿಲ್ಲ. ನಿರ್ಣಯವಾದ ಮೇಲೆ ಗೆದ್ದವರಿಗೆ ಅವನೇ ಮೊದಲು ಕೈಮುಗಿದನು. ಈ ಮೂರರಲ್ಲಿ ಒಂದು ತಪ್ಪಿದರೂ ಅಂತಹ ಅಧ್ಯಕ್ಷತೆಯು ದಬ್ಬಾಳಿಕೆಯಾಗಿ ಮಾರ್ಪಡುವುದು. ಈ ಗುಣಗಳು ಎಲ್ಲರಲ್ಲಿಯೂ ಇರಲಾರವೆಂಬ ವಿವೇಕದಿಂದಲೇ ಇಂದಿನ ನಿಯಮಗಳು ಹುಟ್ಟಿದುವೆನ್ನಬಹುದು. ಆದರೆ ನಿಯಮವು ಅಧ್ಯಕ್ಷನ ಬಾಯನ್ನು ಕಟ್ಟಬಲ್ಲುದು. ಪ್ರಸಾದಕುಂಡದ ಬಳಿ ನಿಂತವನನ್ನು ಕಾಣುವ ಕಣ್ಣನ್ನು ಕೊಡಲಾರದು.

೮

ಕಲ್ಯಾಣದ ಸಭೆಯು ಚದುರಿದ ಬಳಿಕ ಅದರ ಮಾತು ಈ ಸೀಮೆಯಲ್ಲಿ ಬೇರೆ ಬೇರೆ ರೂಪಗಳನ್ನು ತಾಳಿತು. ೧೭ನೆಯ ಶತಮಾನದಲ್ಲಿ ಜೇವರ್ಗಿಯ ಷಣ್ಮುಖಸ್ವಾಮಿಯು ಅಖಂಡೇಶ್ವರನ ಅಂಕಿತದಲ್ಲಿ ಏಳುನೂರಕ್ಕೂ ಮಿಕ್ಕ ವಚನಗಳನ್ನು ರಚಿಸಿದನು. ಅಲ್ಲಿ ವಚನವು ಉಳಿದಿದೆ. ಎದುರಾಡುವ ಸಭೆ ಉಳಿದಿಲ್ಲ. ಪುರಾತನರು ನೆನಪಿನಲ್ಲಿದ್ದಾರೆ, ಎದುರಿನಲ್ಲಿಲ್ಲ. ಅಫಜಲಪುರ ಸೀಮೆಯ ಬಿದನೂರಲ್ಲಿ ಹುಟ್ಟಿ ಜೇವರ್ಗಿ ಸೀಮೆಯ ಕಡಕೋಳದಲ್ಲಿ ನೆಲೆಸಿದ ಮಡಿವಾಳಪ್ಪನ ಸುತ್ತ ಕೂಟವೊಂದು ಮತ್ತೆ ಬೆಳೆಯಿತು. ಚನ್ನೂರ ಜಲಾಲಸಾಹೇಬ, ಖೈನೂರ ಕೃಷ್ಣಪ್ಪ, ತೆಲಗಬಾಳ ರೇವಪ್ಪ ಮೊದಲಾಗಿ ಹಲವು ಜಾತಿಮತಗಳವರು ಆ ಬಳಗದಲ್ಲಿ ಪದಗಳನ್ನು ಕಟ್ಟಿದರು. ಗುರುವೊಬ್ಬನೇ ಹಾಡಿ ಶಿಷ್ಯರು ಕೇಳುವ ಬದಲು ಶಿಷ್ಯರೂ ತಮ್ಮ ತಮ್ಮ ಅಂಕಿತದಲ್ಲಿ ಹಾಡಿದುದು ಅಲ್ಲಮನ ಪರಂಪರೆಗೆ ಒಪ್ಪುವ ನಡೆ.

ಕಲಬುರಗಿಯಲ್ಲಿ ೧೯೪೯ರಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನವು ಉತ್ತಂಗಿ ಚನ್ನಪ್ಪನವರನ್ನು ಅಧ್ಯಕ್ಷಪೀಠದಲ್ಲಿ ಕೂರಿಸಿತು. ಹೈದರಾಬಾದು ಸಂಸ್ಥಾನವು ಭಾರತದಲ್ಲಿ ಸೇರಿ ಆಗ ಇನ್ನೂ ಒಂದು ವರ್ಷದ ಮಾತು. ಶರಣರ ನಾಡಿನ ಸಭೆಗೆ, ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ ಪ್ರಕಟಿಸಿದ ಕ್ರೈಸ್ತ ಬೋಧಕರೊಬ್ಬರು ಅಧ್ಯಕ್ಷರಾದರು. ಪೀಠಕ್ಕೆ ಕುಲಮತಗಳ ಕಟ್ಟಿಲ್ಲವೆಂಬ ಕಲ್ಯಾಣದ ತತ್ತ್ವವನ್ನು ಆ ಆಯ್ಕೆಯು ಮಾತಿಲ್ಲದೆ ಸಾರಿತು.

ಇನ್ನು ಹಳ್ಳಿಯ ಸಭೆಗಳು. ೧೯೯೩ರ ಕರ್ನಾಟಕ ಪಂಚಾಯತ್ ರಾಜ್ ಅಧಿನಿಯಮವು ಸದಸ್ಯಸ್ಥಾನಗಳನ್ನಷ್ಟೇ ಅಲ್ಲದೆ ಅಧ್ಯಕ್ಷಸ್ಥಾನಗಳನ್ನೂ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ ಹಾಗೂ ಮಹಿಳೆಯರಿಗೆ ಸರದಿಯಂತೆ ಮೀಸಲಿಟ್ಟಿತು. ೨೦೧೦ರಲ್ಲಿ ಮಹಿಳೆಯರ ಪಾಲು ಅರ್ಧಕ್ಕೇರಿತು. ಮತಗಳು ಸಮವಾದಾಗ ಅಧ್ಯಕ್ಷಪೀಠಕ್ಕೆ ನಿರ್ಣಾಯಕ ಮತವುಂಟು. ಆಳಂದ, ಅಫಜಲಪುರ, ಜೇವರ್ಗಿಗಳ ಹಳ್ಳಿಗಳಲ್ಲಿ ಹಿಂದೆ ಚಾವಡಿಯ ಕಟ್ಟೆಯನ್ನು ಏರಲಾಗದಿದ್ದ ಮನೆತನಗಳ ಹೆಂಗಸರು ಇದರಿಂದ ಅಧ್ಯಕ್ಷರಾಗುವಂತಾಯಿತು. ಇದು ಸಾಮಾನ್ಯವಾದ ಮಾರ್ಪಾಡಲ್ಲ.

ಆದರೂ ಅಧ್ಯಕ್ಷೆಯು ಕುರ್ಚಿಯಲ್ಲಿ ಕುಳಿತು, ಮಾತನ್ನು ಅವಳ ಗಂಡನೋ ಮೈದುನನೋ ಆಡುವ ಪರಿಪಾಟಿಯು ನಾಡಿನ ಹಲವೆಡೆ ಇದೆಯೆಂಬುದು ಎಲ್ಲರಿಗೂ ತಿಳಿದ ವಿಷಯ. ಇಲ್ಲಿ ಲಕ್ಕಮ್ಮನ ಪ್ರಸಂಗವನ್ನು ನೆನೆಯಬೇಕು. ಅಂದು ಮಾತು ಅವಳದು, ತಲೆಬರೆಹ ಗಂಡನದು. ಇಂದು ತಲೆಬರೆಹ ಅವಳದು, ಮಾತು ಗಂಡನದು. ಎರಡೂ ಒಂದೇ ಕೊರತೆಯ ಎರಡು ಮುಖಗಳು. ಶಾಸನವು ಹೆಸರನ್ನು ಬರೆಯಿಸಬಲ್ಲುದು; ಆ ಹೆಸರಿನವಳು ಬಾಯಿ ತೆರೆದಾಗ ಉಳಿದವರು ಸುಮ್ಮನಿದ್ದು ಕೇಳುವಂತೆ ಮಾಡುವುದು ಸಭೆಯ ಸಂಸ್ಕಾರಕ್ಕೆ ಸೇರಿದ ಕೆಲಸ. ಮಂಟಪದಲ್ಲಿ ಲಕ್ಕಮ್ಮನ ಮಾತು ನಿಂತುದು ಅವಳಿಗೆ ಪದವಿಯಿದ್ದುದರಿಂದಲ್ಲ, ಕೇಳುವ ಕಟ್ಟು ಅಲ್ಲಿದ್ದುದರಿಂದ.

ಸಾಹಿತ್ಯದ ಅಧ್ಯಾಪಕರು ಈ ಕೆಲಸದಲ್ಲಿ ನೆರವಾಗಬಲ್ಲರು. ೨೦೦೯ರಲ್ಲಿ ಸ್ಥಾಪಿತವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವು ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿಯೇ ಇದೆ; ಸುತ್ತಲಿನ ಶಾಲೆ ಕಾಲೇಜುಗಳಲ್ಲಿ ವಚನಗಳು ಪಾಠವಾಗಿವೆ. ಆದರೆ ನಾವು ವಚನಗಳನ್ನು ಬಿಡಿಬಿಡಿಯಾಗಿ, ಕಂಠಪಾಠದ ಸೂಕ್ತಿಗಳಂತೆ ಕಲಿಸುತ್ತಿದ್ದೇವೆ. ಸಂಪಾದನೆಯ ಕ್ರಮದಲ್ಲಿ, ಪ್ರಶ್ನೆಗೆ ಉತ್ತರವಾಗಿ, ಒಬ್ಬ ವಿದ್ಯಾರ್ಥಿಯು ಅಲ್ಲಮನ ಪಕ್ಷವನ್ನೂ ಮತ್ತೊಬ್ಬಳು ಮುಕ್ತಾಯಕ್ಕನ ಪಕ್ಷವನ್ನೂ ಹಿಡಿದು ಓದುವಂತೆ ಮಾಡಿದರೆ, ಪಾಠದ ಕೋಣೆಯೇ ಸಭೆಯಾಗುವುದು. ಅಂತಹ ಕೋಣೆಯಲ್ಲಿ ಅಧ್ಯಕ್ಷನು ಅಧ್ಯಾಪಕನೇ. ಹಿಂದಿನ ಸಾಲಿನಲ್ಲಿ ಮಾತಾಡದೆ ಕುಳಿತ ಮರುಳಶಂಕರನನ್ನು ಕಾಣುವ ಹೊಣೆಯು ಮೊದಲು ಅವನದಾಗಿದೆ.